ಸಾಯಬಣ್ಣನ ಸೋನೇರಿ ಲಗ್ನಪತ್ರಿಕೆ

ಹೊಟ್ಟೆಕಿಚ್ಚು ಸಾಯಬಣ್ಣನಿಗೆ ಹುಟ್ಟಿನಿಂದ ಬಂದದ್ದಲ್ಲ. ಜೇವರ್ಗಿ ಕಡೆಯಿಂದ ಮುಂಬಯಿಗೆ ಬಂದು ಇಳಿದಾಗ ಅವನ ಹತ್ತಿರ ಇದ್ದದ್ದು ಒಂದು ತಗಡಿನ ಟ್ರಂಕು, ಏಳನೆಯ ಇಯತ್ತೆ ಪಾಸಾದ ಹೆಮ್ಮೆ ಮತ್ತು ಚಳಿಗಾಲದಲ್ಲೂ ಬೆವರುವ ಎರಡು ಅಂಗೈ. ಹೊಟ್ಟೆಕಿಚ್ಚನ್ನು ಅವನು ಇಲ್ಲಿಗೆ ಬಂದ ಮೇಲೆ, ಫೋರ್ಟಿನ ಒಂದು ಗಲ್ಲಿಯ ಅಚ್ಚುಕೂಟದಲ್ಲಿ, ಸ್ವಂತ ದುಡಿಮೆಯಿಂದ ಗಳಿಸಿದ. ಮುಂಬಯಿಯಲ್ಲಿ ಅವನು ಮಾಡಿದ ಆಸ್ತಿ ಅಂದರೆ ಸದ್ಯಕ್ಕೆ ಅದೊಂದೇ.

ಅಚ್ಚುಕೂಟ ಉಡುಪಿ ಕಡೆಯ ಚೆನ್ನಯಣ್ಣನದು. ಹಿಂದೆ ಗೋಣಿಚೀಲಗಳ ಗೋದಾಮಾಗಿದ್ದ ಉದ್ದನೆಯ ಕೋಣೆ. ಬಾಗಿಲ ಬಳಿ ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು, ಒಳಗೆ ಗೋಡೆಯುದ್ದಕ್ಕೂ ಅಚ್ಚಿನ ಮೊಳೆಗಳ ಖಾನೆಗಳು. ಹೋಟೆಲಿನ ಬಿಲ್ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಉತ್ತರಕ್ರಿಯೆಯ ಕಪ್ಪಂಚಿನ ಕಾರ್ಡು, ಮದುವೆ ತಿಂಗಳು ಬಂದರೆ ಮದುವೆ ಕಾಗದ. ಸಾಯಬಣ್ಣ ಮೊಳೆ ಜೋಡಿಸುವವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಸಾಲು ಕಟ್ಟುವುದು ಅವನ ಕೆಲಸ. ಒತ್ತಕ್ಷರದ ಖಾನೆಗಳನ್ನು ಅವನ ಬೆರಳು ಕಣ್ಣಿನ ಸಹಾಯ ಕೇಳದೆ ಹುಡುಕುತ್ತಿತ್ತು. ಅಷ್ಟು ವರ್ಷದಲ್ಲಿ ಎಷ್ಟು ಮದುಮಕ್ಕಳ ಹೆಸರನ್ನು ಅವನು ಅಕ್ಕಪಕ್ಕ ಕೂರಿಸಿದ್ದನೋ ಲೆಕ್ಕವಿಲ್ಲ. ಒಬ್ಬ ಬೀಗನಾದರೂ ಕಾಗದ ಕೈಗೆತ್ತಿಕೊಂಡು, ‘ಇದರ ಅಕ್ಷರ ಜೋಡಿಸಿದ ಪುಣ್ಯಾತ್ಮ ಯಾರಪ್ಪ?’ ಎಂದು ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಪೂವಪ್ಪನನ್ನು.

ಪೂವಪ್ಪನನ್ನು ಪ್ರೆಸ್ಸಿಗೆ ಕರೆತಂದವನೂ ಸಾಯಬಣ್ಣನೇ. ಇದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಕಾಲಿನ ಚಪ್ಪಲಿ ತೆಗೆದು ತನಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು. ಪುತ್ತೂರು ಕಡೆಯ ಪೂವಪ್ಪ ಆಗ ಪಕ್ಕದ ಗಲ್ಲಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಒಂದು ಮಧ್ಯಾಹ್ನ ಅವನಿಗೂ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕನಿಗೂ ಜಗಳವಾಗಿ, ಏಪ್ರನ್ನು ಕಳಚಿ ಬೀದಿಗೆ ಬಂದು ನಿಂತಾಗ, ಊಟ ಮುಗಿಸಿ ಬಾಯಿಗೆ ಬಡೇಸೋಪು ಹಾಕಿಕೊಳ್ಳುತ್ತಿದ್ದ ಸಾಯಬಣ್ಣನೇ ಅವನ ಹೆಗಲ ಮೇಲೆ ಕೈಯಿಟ್ಟು, “ಬಾರಪಾ, ನಮ್ಮಲ್ಲಿ ಮಷೀನ್ ತುಳಿಲಾಕ ಒಬ್ಬಾತ ಬೇಕಾಗ್ಯಾನ” ಎಂದಿದ್ದ. ಅಂದಿನ ಬಡೇಸೋಪಿನ ಸಿಹಿ ನಾಲಿಗೆಯಿಂದ ಹೋಯಿತು, ಪೂವಪ್ಪ ಮಾತ್ರ ಉಳಿದ.

ಕೆಲ ತಿಂಗಳಲ್ಲಿ ಪ್ರೆಸ್ಸಿನ ಹಳೆಯ ಸೋನೇರಿ ಕೆಲಸದವನು ಕಣ್ಣು ಮಂಜಾಗಿ ಊರಿಗೆ ಹೋದ. ಸೋನೇರಿ ಎಂದರೆ ಚಿನ್ನದ ಬಣ್ಣದ ಅಚ್ಚು. ಮೊದಲು ಅಕ್ಷರಗಳನ್ನು ಅಂಟಂಟಾದ ಹಳದಿ ಮಸಿಯಲ್ಲಿ ಒತ್ತಬೇಕು. ಅದು ಆರುವ ಮೊದಲೇ, ಹತ್ತಿಯ ಉಂಡೆಯಲ್ಲಿ ಚಿನ್ನದ ಬಣ್ಣದ ಪುಡಿ ತೆಗೆದುಕೊಂಡು ಕಾರ್ಡಿನ ಮೇಲೆ ಮೆಲ್ಲಗೆ ಸವರಬೇಕು. ಮಸಿ ಇದ್ದಲ್ಲಿ ಪುಡಿ ಕಚ್ಚಿಕೊಳ್ಳುತ್ತದೆ. ಉಳಿದದ್ದನ್ನು ಮೆತ್ತನೆಯ ಬ್ರಷ್ಷಿನಿಂದ ಕೊಡವಿದರೆ ಗಣಪತಿಯೂ ವಧೂವರರೂ ಫಳಫಳ ಹೊಳೆಯುತ್ತ ಎದ್ದು ಬರುತ್ತಾರೆ. ಪುಡಿ ಹಾರಬಾರದೆಂದು ಬಾಗಿಲು ಮುಚ್ಚಿ ಪಂಖಾ ನಿಲ್ಲಿಸಿರಬೇಕು. ಅದೂ ವೈಶಾಖದ ಮುಂಬಯಿಯಲ್ಲಿ! ಇಷ್ಟಾದ ಮೇಲೂ ಆ ಪುಡಿಗೆ ಮಸಿ ಯಾವುದು, ಮನುಷ್ಯನ ಬೆವರು ಯಾವುದು ಎಂಬ ತಿಳಿವಳಿಕೆಯಿಲ್ಲ. ನುಣ್ಣನೆಯ ಕಾರ್ಡಿನ ಮೇಲೆ ಒದ್ದೆ ಬೆರಳು ತಾಗಿದ ಜಾಗ ಬರಿಗಣ್ಣಿಗೆ ಕಾಣುವುದಿಲ್ಲ. ಪುಡಿ ಬಿತ್ತೋ, ಬೆರಳಿನ ಗೆರೆಗೆರೆಯೂ ಚಿನ್ನವಾಗಿ ಮೂಡುತ್ತದೆ.

ಹಳಬನಾದ್ದರಿಂದ ಮೊದಲ ಸರದಿ ಸಾಯಬಣ್ಣನಿಗೇ ಸಿಕ್ಕಿತ್ತು. ಅವನು ಹಾಕಿಕೊಟ್ಟ ಮಾದರಿ ಕಾರ್ಡನ್ನು ಚೆನ್ನಯಣ್ಣ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಸಾಯಬಣ್ಣ, ಇದರಲ್ಲಿ ಗಣಪತಿಗಿಂತ ನೀನೇ ಜಾಸ್ತಿ ಉಂಟಲ್ಲ ಮಾರಾಯ.”

ಆಮೇಲೆ ಹತ್ತಿ ಉಂಡೆ ಪೂವಪ್ಪನ ಕೈಗೆ ಹೋಯಿತು. ಕಾದ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತು ಒಣಗಿದ ಅವನ ಕೈ ಹಪ್ಪಳದ ಹಾಗಿತ್ತು. ಕಾವಲಿಗೆ ಈರುಳ್ಳಿಯ ಹೋಳಿನಿಂದ ಎಣ್ಣೆ ಸವರುತ್ತಿದ್ದ ಅದೇ ಗತಿಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದು ಸುತ್ತು ಸವರಿದ, ಕೊಡವಿದ, ಕಾರ್ಡನ್ನು ಎತ್ತಿ ತೋರಿಸಿದ. ಚೆನ್ನಯಣ್ಣ ಎದ್ದು ಹೋಗಿ ಅವನಿಗೆ ಒಂದು ಲೋಟ ಹಾಲು, ಒಂದು ಹೆಂಟೆ ಬೆಲ್ಲ ತರಿಸಿದರು. ಪುಡಿ ಎದೆಗೆ ಇಳಿಯಬಾರದೆಂದು ಸೋನೇರಿ ಕೆಲಸದ ದಿನ ಹಾಲು-ಬೆಲ್ಲ ಕೊಡುವುದು ಆ ಗಲ್ಲಿಯ ಪ್ರೆಸ್ಸುಗಳ ರೂಢಿ. ದಿನವಿಡೀ ಸೀಸ ಮುಟ್ಟುವ ಸಾಯಬಣ್ಣನಿಗೆ ಅರ್ಧ ಕಪ್ ಚಹಾ, ಹಿತ್ತಾಳೆ ಮುಟ್ಟುವವನಿಗೆ ಕೆನೆಹಾಲು! ಆ ಪುಡಿ ಚಿನ್ನವಲ್ಲ, ಬರೀ ಹಿತ್ತಾಳೆ ಎಂಬ ಸತ್ಯವನ್ನು ಸಾಯಬಣ್ಣ ಸಿಕ್ಕವರಿಗೆಲ್ಲ ಹೇಳಿನೋಡಿದ. ಗಿರಾಕಿಗಳು ‘ಹೌದಾ’ ಎಂದು ತಲೆಯಾಡಿಸಿ, “ಪೂವಪ್ಪ ಒಳಗೆ ಇದ್ದಾನಾ?” ಎಂದು ಕೇಳುತ್ತಿದ್ದರು.

ಒಮ್ಮೆ ಹೊಟ್ಟೆಗೆ ಬೆಂಕಿ ಬಿದ್ದ ಮೇಲೆ ಎಲ್ಲವೂ ಸೌದೆಯೇ. ಪೂವಪ್ಪ ಬೊರಿವಲಿಯಲ್ಲಿ ಅಕ್ಕನ ಮನೆಯಲ್ಲಿದ್ದ; ಅಲ್ಲಿಂದಲೇ ಹೊರಡುವ ಲೋಕಲಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತ ಚರ್ಚ್‌ಗೇಟ್ ತಲುಪುತ್ತಿದ್ದ. ವಿಕ್ರೋಳಿಯ ಚಾಳಿನಿಂದ ಬರುವ ಸಾಯಬಣ್ಣ ಬಾಗಿಲ ಸಲಾಕೆಗೆ ಜೋತುಬಿದ್ದು, ಯಾರದೋ ಟಿಫಿನ್ ಡಬ್ಬಿಯನ್ನು ಪಕ್ಕೆಲುಬಿನಲ್ಲಿ ಹೊತ್ತು, ವಿ.ಟಿ. ಸ್ಟೇಷನ್ನಿಗೆ ಬಂದು ಬೀಳುತ್ತಿದ್ದ. ಇದೂ ಪೂವಪ್ಪನದೇ ತಪ್ಪು ಅನ್ನಿಸುತ್ತಿತ್ತು. ಮುಖ್ಯವಾಗಿ ಅವನನ್ನು ಕೆರಳಿಸುತ್ತಿದ್ದದ್ದು ಏನೆಂದರೆ, ಪೂವಪ್ಪ ಒಳ್ಳೆಯವನಾಗಿದ್ದ. ಹಾಲಿನ ಲೋಟ ಬಂದರೆ, “ಅರ್ಧ ನೀವು ಕುಡೀರಿ ಸಾಯಬಣ್ಣನವರೇ” ಅನ್ನುತ್ತಿದ್ದ. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ಒಂದು ಸುಖವಿದೆ. ಒಳ್ಳೆಯವನ ಮೇಲೆ ಪಟ್ಟರೆ ಅದೂ ಇಲ್ಲ, ನಾವೇ ಕೆಟ್ಟವರು ಎಂಬ ಸುದ್ದಿಯೂ ಜೊತೆಗೆ ಸಿಗುತ್ತದೆ.

ಹೀಗಿರುವಾಗ ಸಾಯಬಣ್ಣನಿಗೆ ಹೆಣ್ಣು ಗೊತ್ತಾಯಿತು. ಭಾಂಡುಪಿನ ಗುರಲಿಂಗಪ್ಪನ ಮಗಳು ಸುಂದ್ರವ್ವ. ಗುರಲಿಂಗಪ್ಪ ಕಟ್ಟಡ ಕೆಲಸದ ಮುಕಾದಮ. ಕಲಬುರ್ಗಿ ಕಡೆಯ ಆಳುಗಳೆಲ್ಲ ಅವನ ಕೈಕೆಳಗೆ. ಸುಂದ್ರವ್ವ ಹಲ್ಲುಪುಡಿಯ ಫ್ಯಾಕ್ಟರಿಯೊಂದರಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ವೀಳ್ಯ ಬದಲಾಯಿಸುವ ದಿನ, ಚಾಳಿನ ಮಂದಿಯೆಲ್ಲ ಕೂಡಿದ್ದಾಗ, ಗುರಲಿಂಗಪ್ಪ ಗೂಡಿನಲ್ಲಿದ್ದ ಒಂದು ಮದುವೆ ಕಾಗದ ತೆಗೆದು ಅಳಿಯನ ಮುಂದೆ ಹಿಡಿದ. ತಾನು ಆಳುಗಳನ್ನಿಟ್ಟು ಕಟ್ಟಿಕೊಟ್ಟಿದ್ದ ಒಂದು ಹೋಟೆಲಿನ ಶೆಟ್ಟರು ತಮ್ಮ ಮನೆಯ ಮದುವೆಗೆ ಕರೆದು ಕೊಟ್ಟದ್ದು.

“ಇದು ನಿಮ್ಮ ಪ್ರೆಸ್ಸಿಂದೇ ಅಲ್ಲೇನ್ರಿ?”

ಸಾಯಬಣ್ಣನ ಎದೆ ಅರ್ಧ ಗೇಣು ಉಬ್ಬಿತು. “ಹೌದ್ರಿ. ಇದರಾಗಿನ ಅಕ್ಷರ ಎಲ್ಲಾ ನಾನೇ ಜೋಡಿಸೀನಿ.”

“ಅಕ್ಷರ ಇರ್ಲಿ ಬಿಡ್ರಿ, ಅವು ಎಲ್ಲಾ ಕಾಗದದಾಗೂ ಇರ್ತಾವ. ಈ ಸೋನೇರಿ ನೋಡ್ರಿ! ಯಾರೋ ಪೂವಪ್ಪ ಅಂತ ಇದ್ದಾನಂತಲ್ಲ ನಿಮ್ಮಲ್ಲಿ? ಶೆಟ್ಟರು ಹೇಳಿದ್ರು. ನಮ್ಮ ಲಗ್ನಪತ್ರಿಕಿನೂ ಆತನ ಕೈಲೇ ಆಗಬೇಕು ನೋಡ್ರಿ ಮತ್ತ. ನಮ್ಮ ಮಂದಿದಾಗ ಇನ್ನತನ ಯಾರೂ ಇಂಥಾದ್ದು ಮಾಡಿಸಿಲ್ಲ.”

ಉಬ್ಬಿದ ಎದೆ ಇದ್ದಲ್ಲೇ ನಿಂತಿತು. ತನ್ನ ಮದುವೆ, ತನ್ನ ಪತ್ರಿಕೆ, ತನ್ನ ಹೆಸರು. ಅದರ ಮೇಲೆ ಕೂಡ ಆ ದೋಸೆಯವನ ಕೈ! ಸುಂದ್ರವ್ವ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ನಾಲಿಗೆ ತಲೆಯನ್ನು ಕೇಳದೆ ಹೊರಟಿತು.

“ಆತನ್ಯಾಕ್ರಿ? ಸೋನೇರಿ ನಾನೂ ಹಾಕ್ತೀನಿ. ನನ್ನ ಲಗ್ನಕ್ಕ ಬ್ಯಾರೇದವರ ಕೈ ಯಾಕ?”

“ಖರೇನೇ?”

“ಖರೇ ಅಂದ್ರ ಖರೇ. ಪೂವಪ್ಪಗ ಈ ಪ್ರೆಸ್ಸು ತೋರಿಸಿದಾತನೇ ನಾನು.”

ಮಾತಿನಲ್ಲಿ ಸುಳ್ಳು ಅಷ್ಟಾಗಿ ಇರಲಿಲ್ಲ. ಗುರಲಿಂಗಪ್ಪ ಎದ್ದು ನಿಂತು ಚಾಳಿಗೆಲ್ಲ ಕೇಳುವಂತೆ ಸಾರಿದ: “ಕೇಳಿದ್ರೇನಪಾ? ನಮ್ಮ ಅಳಿಯಂದ್ರು ತಮ್ಮ ಕೈಯಾರೆ ಸೋನೇರಿ ಹಾಕ್ತಾರಂತ!” ಸಾಯಬಣ್ಣ ತನ್ನ ಅಂಗೈಗಳನ್ನು ಧೋತರದ ಅಡಿಯಲ್ಲಿ ಮುಚ್ಚಿಟ್ಟುಕೊಂಡ. ಅವು ಆಗಲೇ ಒದ್ದೆಯಾಗಿದ್ದವು.

ಪ್ರೆಸ್ಸಿನಲ್ಲಿ ಈ ಸುದ್ದಿ ಕೇಳಿ ಚೆನ್ನಯಣ್ಣ ಕನ್ನಡಕ ಹಣೆಗೇರಿಸಿದರು. “ಕಾರ್ಡು, ಪುಡಿ ಎಲ್ಲ ನನ್ನ ಉಡುಗೊರೆ, ಆಯ್ತಾ. ಆದ್ರೆ ಕೈ ಪೂವಪ್ಪನದ್ದು ಇರ್ಲಿ. ನಿನ್ನ ಕೈಯಲ್ಲಿ ಆಗುದಿಲ್ಲ, ನಾನು ನೋಡಿದ್ದೇನಲ್ಲ.”

“ಆ ಮಾತಿಗಿ ಭಾಳ ದಿನ ಆದ್ವು ಅಣ್ಣಾರೆ. ಈಗ ನನ್ನ ಕೈ ಕುಂತದ. ಐತಾರ ರಜಾ ಅದಲ್ಲ, ಕೀಲಿ ಕೊಡ್ರಿ, ನಾನೇ ಹಾಕ್ತೀನಿ.”

ಪೂವಪ್ಪನೂ ಹತ್ತಿರ ಬಂದ. “ಸಾಯಬಣ್ಣನವರೇ, ಭಾನುವಾರ ನಾನೂ ಬರ್ತೇನೆ. ಸೋನೇರಿ ನೀವೇ ಹಾಕಿ. ನಾನು ಮಷೀನ್ ತುಳೀತೇನೆ, ಅಷ್ಟೇ. ಒತ್ತುದು, ಸವರುದು ಎರಡೂ ಒಬ್ಬನಿಂದ ಆಗುದಿಲ್ಲ. ಅಷ್ಟರಲ್ಲಿ ಮಸಿ ಒಣಗ್ತದೆ.”

“ಬ್ಯಾಡ. ನೀ ಮನ್ಯಾಗ ಆರಾಮ ಮಲಕೋ,” ಎಂದ ಸಾಯಬಣ್ಣ. ಪೂವಪ್ಪ ಬಂದರೆ ಕಾರ್ಡು ಚೆನ್ನಾಗಿ ಬಂದೀತು ಎಂಬುದೇ ಅವನ ಭಯ.

ಆ ಭಾನುವಾರ ಅಚ್ಚುಕೂಟದಲ್ಲಿ ಅವನೊಬ್ಬನೇ. ಮೊಳೆಗಳನ್ನು ಮೊದಲೇ ಜೋಡಿಸಿ ಬಿಗಿದಿಟ್ಟಿದ್ದ. ತನ್ನ ಹೆಸರಿಗೆ ಖಾನೆಯಲ್ಲಿದ್ದ ಅತಿ ಹೊಸ ಮೊಳೆಗಳನ್ನೇ ಹೆಕ್ಕಿದ್ದ. ಸುಂದ್ರವ್ವನ ಹೆಸರಿಗೆ ಇನ್ನೂ ಹೊಸವು. ಬಾಗಿಲು ಹಾಕಿದ, ಪಂಖಾ ಆರಿಸಿದ. ಮಷೀನು ತುಳಿದು ಒಂದಷ್ಟು ಕಾರ್ಡು ಒತ್ತಿ, ಮೇಜಿಗೆ ಓಡಿ, ಹತ್ತಿ ಉಂಡೆ ಹಿಡಿದ. ಒಳಗಿನಿಂದ ಹೊರಕ್ಕೆ ಒಂದು ಸುತ್ತು, ಪೂವಪ್ಪನ ಹಾಗೆಯೇ. ಕೊಡವಿದ. ಸಾಯಬಣ್ಣ ಬಂದ, ಸುಂದ್ರವ್ವ ಬಂದಳು, ಅವರಿಬ್ಬರ ಜೊತೆಗೆ ಕಾರ್ಡಿನ ನಾಲ್ಕೂ ಅಂಚಿನಲ್ಲಿ ಸಾಯಬಣ್ಣನ ಹೆಬ್ಬೆರಳು ಚಿನ್ನದ ಸುಳಿಯಾಗಿ ಬಂತು.

ಇನ್ನೊಂದು ಹಿಡಿದ. ಅದರಲ್ಲಿ ವಧುವಿನ ಹೆಸರಿನ ಪಕ್ಕದಲ್ಲೇ ಪೂರ್ತಿ ಐದು ಬೆರಳು. ಮದುವೆಗೆ ಮೊದಲೇ ಕೈ ಹಾಕಿದ ಹಾಗೆ ಕಾಣುತ್ತಿತ್ತು. ಪಂಚೆಗೆ ಕೈ ಒರೆಸಿಕೊಂಡ. ಬೆವರು ಮೊಣಕೈಯಿಂದ ಮತ್ತೆ ಇಳಿಯಿತು. ಹಣೆಯ ಹನಿಯೊಂದು ಟಪ್ಪನೆ ಗಣಪತಿಯ ಹೊಟ್ಟೆಯ ಮೇಲೆ ಬಿತ್ತು. ಕೋಣೆ ಕುದಿಯುತ್ತಿತ್ತು. ಕೈ ಒಣಗಬೇಕು, ಅದಕ್ಕೆ ಗಾಳಿ ಬೇಕು. ಒಂದೇ ಒಂದು ಗಳಿಗೆ ಪಂಖಾ ಹಾಕಿದರೆ ಏನಾದೀತು? ಪುಡಿಯ ಡಬ್ಬಿಗೆ ಮುಚ್ಚಳ ಮುಚ್ಚಿ ಹಾಕೋಣ ಎಂದುಕೊಂಡ. ಪಂಖಾ ಹಾಕುವುದು ನೆನಪಿತ್ತು, ಮುಚ್ಚಳದ ವಿಷಯ ಮರೆತ.

ಪುಡಿ ಎದ್ದಿತು. ಮೊದಲು ಹೊಗೆಯ ಹಾಗೆ, ಆಮೇಲೆ ದೇವರು ಪ್ರತ್ಯಕ್ಷವಾಗುವ ನಾಟಕದ ದೃಶ್ಯದ ಹಾಗೆ. ಸಾಯಬಣ್ಣ ಡಬ್ಬಿಯ ಮೇಲೆ ಬಿದ್ದು ಮುಚ್ಚಲು ಹೋದ, ಡಬ್ಬಿ ಉರುಳಿತು. ಪಂಖಾ ಆರಿಸುವಷ್ಟರಲ್ಲಿ ಮಷೀನು, ಮೊಳೆಯ ಖಾನೆ, ಚೆನ್ನಯಣ್ಣನ ಕುರ್ಚಿ, ಒತ್ತಿಟ್ಟಿದ್ದ ಪತ್ರಿಕೆ, ಎಲ್ಲವೂ ಚಿನ್ನವಾಗಿತ್ತು. ಒದ್ದೆಯಾಗಿದ್ದ ಅವನು ಎಲ್ಲಕ್ಕಿಂತ ಹೆಚ್ಚು. ಕೈತೊಳೆಯುವ ಜಾಗದ ಒಡಕು ಕನ್ನಡಿಯಲ್ಲಿ ನೋಡಿಕೊಂಡರೆ ಮೀಸೆಯ ಒಂದೊಂದು ಕೂದಲೂ ಬಂಗಾರದ್ದು. ಇಷ್ಟು ಲಕ್ಷಣವಾಗಿ ಅವನು ಹಿಂದೆಂದೂ ಕಂಡಿರಲಿಲ್ಲ, ನೋಡುವವರು ಮಾತ್ರ ಯಾರೂ ಇರಲಿಲ್ಲ.

ನೋಡುವವರು ಆಮೇಲೆ ಲೋಕಲಿನಲ್ಲಿ ಸಿಕ್ಕರು. ಎಷ್ಟು ತೊಳೆದರೂ ಪೂರ್ತಿ ಹೋಗಿರಲಿಲ್ಲ. ಎದುರಿಗೆ ಕೂತ ಮರಾಠಿ ಅಜ್ಜಿ ಕೈಮುಗಿದು, ಯಾವ ನಾಟಕ ಕಂಪನಿ ಮಗಾ ನಿನ್ನದು ಎಂದು ಕೇಳಿದಳು. ವಿಶೇಷವೆಂದರೆ, ಅಂದು ಅವನಿಗೂ ಕೂರಲು ಜಾಗ ಸಿಕ್ಕಿತ್ತು. ಅಕ್ಕಪಕ್ಕದವರು ಬಟ್ಟೆಗೆ ತಾಗೀತೆಂದು ಸರಿದು ಕೂತಿದ್ದರು.

ಗುಡಿಸಿ ಒರೆಸಿ ಬಂದಿದ್ದೇನೆ, ಯಾರಿಗೂ ಗೊತ್ತಾಗಲಾರದು ಎಂಬ ಧೈರ್ಯದಲ್ಲಿ ಅವನು ಸೋಮವಾರ ಕೆಲಸಕ್ಕೆ ಬಂದ. ಮೊದಲ ಕೆಲಸ ಒಬ್ಬ ಹಿರಿಯರ ಉತ್ತರಕ್ರಿಯೆಯ ಕಾರ್ಡು. ಪೂವಪ್ಪ ಮಷೀನಿಗೆ ಕಪ್ಪು ಮಸಿ ಹಚ್ಚಿ ಒಂದನ್ನು ಒತ್ತಿ ಚೆನ್ನಯಣ್ಣನಿಗೆ ಕೊಟ್ಟ. ಅವರು ಬೆಳಕಿಗೆ ಹಿಡಿದರು. ಕಪ್ಪಂಚಿನ ನಡುವೆ, ಸ್ವರ್ಗಸ್ಥರಾದ ಹಿರಿಯರ ಹೆಸರು ನಕ್ಷತ್ರದ ಹಾಗೆ ಮಿನುಗುತ್ತಿತ್ತು.

“ಎಂಥದಿದು? ಸತ್ತವರು ಮದುಮಗನ ಹಾಗೆ ಹೊಳೀತಿದ್ದಾರಲ್ಲ!”

ಚೆನ್ನಯಣ್ಣ ತಮ್ಮ ಕುರ್ಚಿಯಿಂದ ಎದ್ದರು. ಅವರು ತಿರುಗಿದಾಗ ಬಿಳಿಯ ಪಂಚೆಯ ಹಿಂಭಾಗವೂ ಹೊಳೆಯುತ್ತಿತ್ತು. ಪೂವಪ್ಪ ನಗು ತಡೆಯಲಾಗದೆ ಬಾಯಿಗೆ ಮಸಿ ಬಟ್ಟೆ ಒತ್ತಿಕೊಂಡ. ಸಾಯಬಣ್ಣನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನೆಲವೂ ಅಲ್ಲಲ್ಲಿ ಚಿನ್ನವೇ.

ಬೈಗುಳ ಮಧ್ಯಾಹ್ನದವರೆಗೆ ನಡೆಯಿತು. ಆಮೇಲೆ ಸಾಯಬಣ್ಣ, ಪೂವಪ್ಪ ಇಬ್ಬರೂ ಕೂತು ಮಷೀನಿನ ರೋಲರು, ಖಾನೆಗಳ ಮೊಳೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದರು. ಕೆಟ್ಟುಹೋದ ಲಗ್ನಪತ್ರಿಕೆಯೊಂದನ್ನು ಪೂವಪ್ಪ ಕೈಗೆತ್ತಿಕೊಂಡು ನೋಡಿದ. ಈಗ ಅಂದೇ ಅನ್ನುತ್ತಾನೆ ಎಂದು ಸಾಯಬಣ್ಣ ಕಾದ. ಒಂದು ಕುಹಕದ ಮಾತು ಬಂದಿದ್ದರೆ ಅವನ ಜೀವಕ್ಕೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅಕ್ಷರ ಭಾರೀ ಚಂದ ಕೂತಿದೆ ಮಾರಾಯ್ರೆ. ನಾಳೆ ಕೆಲಸ ಬಿಟ್ಟ ಮೇಲೆ ಹಾಕಿ ಬಿಡುವಾ. ನೀವು ಒತ್ತಿ ಕೊಡಿ, ನಾನು ಸವರ್ತೇನೆ.”

ಸಾಯಬಣ್ಣ ಸೀಮೆಎಣ್ಣೆಯ ಬಟ್ಟಲನ್ನೇ ನೋಡುತ್ತ ಕೇಳಿದ, “ಯಾರ ಮುಂದೂ ಹೇಳಲ್ಲ ಹೌದಿಲ್ಲೋ?”

“ನಾನ್ಯಾಕೆ ಹೇಳ್ಲಿ? ಮದುವೆ ನಿಮ್ಮದು.”

ಮರುದಿನ ಸಂಜೆ ಸಾಯಬಣ್ಣ ಒತ್ತಿದ, ಪೂವಪ್ಪ ಸವರಿದ. ಪತ್ರಿಕೆ ಹೇಗೆ ಬಂತೆಂದರೆ, ಸ್ವತಃ ಮದುಮಗನಿಗೇ ಆ ಮದುವೆಗೆ ಹೋಗಬೇಕು ಅನ್ನಿಸಿತು. ಅದೇ ಉಸಿರಿನಲ್ಲಿ, ಇದನ್ನು ಚಿಂದಿ ಮಾಡಬೇಕು ಎಂದೂ ಅನ್ನಿಸಿತು.

ಪತ್ರಿಕೆಯ ಕಟ್ಟು ಹಿಡಿದು ಭಾಂಡುಪಿಗೆ ಹೋಗುವಾಗ ದಾರಿಯುದ್ದಕ್ಕೂ ಅವನು ಸತ್ಯ ಹೇಳುವ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಆದರೆ ಮನೆಯೊಳಗೆ ಕಾಲಿಡುವ ಮೊದಲೇ ಗುರಲಿಂಗಪ್ಪ ಕಟ್ಟು ಬಿಚ್ಚಿ, ಒಂದನ್ನು ಎತ್ತಿ ಹಿಡಿದು ಹೊರಗೆ ಓಡಿಬಿಟ್ಟ. “ನೋಡ್ರೋ, ನಮ್ಮ ಅಳಿಯಂದ್ರ ಕೈ ನೋಡ್ರೋ!” ಅಳಿಯನಿಗೆ ಬಾಯಿ ತೆರೆಯಲು ಅವಕಾಶವಾಗಲಿಲ್ಲ ಎನ್ನಬಹುದು. ಅವಕಾಶಕ್ಕಾಗಿ ಅವನು ಬಹಳ ಹುಡುಕಾಡಲೂ ಇಲ್ಲ. ಆ ಹೊಗಳಿಕೆ ಕೆನೆಹಾಲಿನ ಹಾಗೆ ಗಂಟಲಲ್ಲಿ ಇಳಿಯುತ್ತಿತ್ತು. ಬೇರೆಯವರ ಲೋಟದ್ದು ಅನ್ನುವುದು ಹೊಟ್ಟೆಗೆ ಹೋದ ಮೇಲೆ ತಿಳಿಯಿತು.

ಮದುವೆ ಭಾಂಡುಪಿನಲ್ಲೇ, ಚಾಳುಗಳ ನಡುವಿನ ಬಯಲಲ್ಲಿ ಹಂದರ ಹಾಕಿ ಆಯಿತು. ಚೆನ್ನಯಣ್ಣ ಇಸ್ತ್ರಿ ಮಾಡಿದ ಪಂಚೆಯುಟ್ಟು ಮುಂದಿನ ಕುರ್ಚಿಯಲ್ಲಿ ಕೂತರು. ಪೂವಪ್ಪ ಬಂದವನೇ ಹೋಟೆಲಿನ ಹಳೆಯ ಚಟದಂತೆ ಅಡುಗೆಯವರ ಕಡೆ ಹೋಗಿ, ಜಿಲೇಬಿ ಬುಟ್ಟಿ ಹಿಡಿದು ಓಡಾಡತೊಡಗಿದ. ಗುರಲಿಂಗಪ್ಪನ ಕೈಯಲ್ಲಿ ಒಂದು ಜರಿ ರುಮಾಲು ಇತ್ತು. ಆಹೇರಿ ಮಾಡುವ ಹೊತ್ತಿಗೆ, ಅಂದರೆ ಬಂಧುಗಳಿಗೆ ಬಟ್ಟೆಬರೆ ಕೊಟ್ಟು ಮರ್ಯಾದೆ ಮಾಡುವಾಗ, ಎಲ್ಲರಿಗಿಂತ ಮೊದಲು ಸೋನೇರಿ ಹಾಕಿದ ಅಳಿಯನ ತಲೆಗೆ ಅದನ್ನು ಸುತ್ತುವುದಾಗಿ ಅವನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಒಬ್ಬಿಬ್ಬರಂತೂ ತಮ್ಮ ಮನೆಯ ಲಗ್ನಪತ್ರಿಕೆಯೂ ಇದೇ ಕೈಯಿಂದ ಆಗಬೇಕೆಂದು ಮದುಮಗನಿಗೆ ಹಂದರದಲ್ಲೇ ಹೇಳಿಹೋದರು.

ಅಯ್ಯನವರು ಮಂತ್ರ ಹೇಳುತ್ತ ವಧೂವರರ ಕೈ ಕೂಡಿಸಿ ಮೇಲೊಂದು ವಸ್ತ್ರ ಮುಚ್ಚಿದರು. ಸುಂದ್ರವ್ವನ ಕೈ ಬೆಚ್ಚಗೆ, ಒಣಗಿತ್ತು. ಬಾಸಿಂಗದ ಒಳಗಿನಿಂದ ಪಿಸುಮಾತು ಬಂತು. ಗಂಡನ ಜೊತೆ ಅವಳಾಡಿದ ಮೊದಲ ಮಾತು.

“ಏನ್ರೀ ಇದು? ಕೈಯೋ, ನೀರಿನ ನಳವೋ?”

“ಸೆಖಿ ಭಾಳ ಅದಲ್ಲ,” ಎಂದ ಸಾಯಬಣ್ಣ.

“ಈ ಕೈಲೇ ಸೋನೇರಿ ಹಾಕೀರಿ?”

ಅವನು ಅಯ್ಯನವರ ಮಂತ್ರವನ್ನು ಬಹಳ ಭಕ್ತಿಯಿಂದ ಕೇಳಿಸಿಕೊಂಡ.

“ನಿಮಗೇ ಕೇಳಲಾಕತ್ತೀನಿ. ನಮ್ಮ ಫ್ಯಾಕ್ಟ್ರಿದಾಗ ಕೈ ಬೆವರೋರಿಗಿ ಪುಡಿ ಮುಟ್ಟಲಾಕ ಬಿಡಲ್ಲ. ಡಬ್ಬಿಗಿ ಚೀಟಿ ಹಚ್ಚಲಾಕ ಕೂಡಸ್ತಾರ. ಖರೇ ಹೇಳ್ರಿ, ಯಾರು ಹಾಕ್ಯಾರ?”

“ಪೂವಪ್ಪ.”

“ಯಾವಾತ?”

ಸಾಯಬಣ್ಣ ಗದ್ದದಿಂದ ಜಿಲೇಬಿ ಬುಟ್ಟಿಯ ಕಡೆ ತೋರಿಸಿದ. ಅವಳು ಬಾಸಿಂಗ ಸರಿಸಿಕೊಂಡು ನೋಡಿದಳು. ಅವನ ಅಭಿಪ್ರಾಯದಲ್ಲಿ, ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು.

“ಅಪ್ಪ ರುಮಾಲ ತರಲಾಕತ್ತಾನ. ಒಮ್ಮಿ ತಲಿಗಿ ಸುತ್ತಿದ್ರ ಆಮ್ಯಾಲ ಬಿಚ್ಚಲಾಕ ಆಗಲ್ಲ. ಈಗೇ ಹೇಳ್ರಿ.”

“ಎಲ್ಲಾರ ಮುಂದ?”

“ಸುಳ್ಳ ಹೇಳುವಾಗ ಎಲ್ಲಾರೂ ಇದ್ರಲ್ಲ?”

ಗುರಲಿಂಗಪ್ಪ ಬಂದೇಬಿಟ್ಟ. ಹಂದರದ ಮಂದಿ ಕತ್ತು ಚಾಚಿತು. ಜರಿಯ ಮೊದಲ ಸುತ್ತು ಹಣೆಗೆ ತಾಗುವ ಹೊತ್ತಿಗೆ ಸಾಯಬಣ್ಣ ಅದನ್ನು ಕೈಯಿಂದ ತಡೆದ. ಒದ್ದೆ ಬೆರಳು ಜರಿಯ ಮೇಲೂ ಮೂಡಿತು.

“ಮಾವಾರೇ, ಇದು ನನ್ನ ತಲಿಗಿ ಅಲ್ರಿ. ಸೋನೇರಿ ಹಾಕಿದಾತ ಪೂವಪ್ಪ. ನಾ ಹಾಕಲಾಕ ಹ್ವಾದ್ರ ಬರೇ ನನ್ನ ಬೆರಳು ಮೂಡಿದ್ವು.”

ಬಾಜಾದವರು ಕೂಡ ನಿಲ್ಲಿಸಿದರು. ಗುರಲಿಂಗಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು. “ಮತ್ತ ಅವತ್ತು ಚಾಳ ತುಂಬಾ ನಾ ಹಾಕ್ತೀನಿ, ನಾ ಹಾಕ್ತೀನಿ ಅಂದ್ರಿ?”

ಏನಾದರೂ ಚಂದದ ಕಾರಣ ಹೇಳಬೇಕೆಂದು ಸಾಯಬಣ್ಣ ಹುಡುಕಿದ. ಖಾನೆಯೆಲ್ಲ ಖಾಲಿ.

“ಹೊಟ್ಟಿಕಿಚ್ಚಿಗಿ ರೀ.”

ಮೊದಲು ನಕ್ಕವರು ಚೆನ್ನಯಣ್ಣ. ಕುರ್ಚಿ ಗದಗುಟ್ಟುವಷ್ಟು ನಕ್ಕರು. ಆಮೇಲೆ ಹೆಂಗಸರ ಕಡೆಯಿಂದ ಒಂದು ಅಲೆ ಬಂತು, ಅದು ಹಂದರ ಪೂರ್ತಿ ಹಬ್ಬಿತು. ಮಗಳು ಸೆರಗು ಬಾಯಿಗೊತ್ತಿಕೊಂಡು ಕುಲುಕುವುದನ್ನು ನೋಡಿ ಗುರಲಿಂಗಪ್ಪನ ಮೀಸೆಯೂ ಸಡಿಲಾಯಿತು. “ಇಷ್ಟ ಖರೇ ಮಾತಾಡೋ ಅಳಿಯ ಹುಡುಕಿದ್ರೂ ಸಿಗಲ್ಲ ಬಿಡಪಾ,” ಎಂದ, ಬೈದನೋ ಹೊಗಳಿದನೋ ಯಾರಿಗೂ ಹೊಳೆಯದ ಹಾಗೆ. “ಎಲ್ಲಿದ್ದಾನ ಆ ಪೂವಪ್ಪ? ಬಾರಪಾ ಈ ಕಡಿ.”

“ಅಯ್ಯಯ್ಯೋ, ನನಗೆ ಬೇಡ ಮಾರಾಯ್ರೆ,” ಎಂದು ಪೂವಪ್ಪ ಬುಟ್ಟಿಯನ್ನೇ ಗುರಾಣಿಯಂತೆ ಹಿಡಿದು ಹಿಂದೆ ಸರಿದ. ಬಿಡಲಿಲ್ಲ. ನಾಲ್ಕು ಜನ ಹಿಡಿದು ತಂದು ನಿಲ್ಲಿಸಿದರು. ಗುರಲಿಂಗಪ್ಪ ರುಮಾಲು ಸುತ್ತಿದ. ಸುತ್ತಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಏಕ್ದಮ್ ರಾಜಾ ಕಂಡಂಗ ಕಾಣ್ತಾನ!” ಎಂದ.

ಕಾಣುತ್ತಿದ್ದದ್ದು ನಿಜ. ಅದೇ ತೊಂದರೆ. ಸಾಯಬಣ್ಣ ಸತ್ಯ ಹೇಳಿದರೆ ಎದೆ ಹಗುರವಾಗುತ್ತದೆಂದು ಕೇಳಿದ್ದ. ಹಗುರವಾಗಿತ್ತು ಕೂಡ, ಪೂವಪ್ಪನ ತಲೆಯ ಮೇಲೆ ಆ ಜರಿ ಬಿಸಿಲಿಗೆ ಹೊಳೆಯುವ ತನಕ. ಎತ್ತರದ ಆಳು, ಅಗಲವಾದ ಹಣೆ. ತನ್ನ ತಲೆಗೆ ಸುತ್ತಿದ್ದರೆ ರುಮಾಲು ಕಿವಿಯವರೆಗೆ ಇಳಿಯುತ್ತಿತ್ತು ಎಂಬುದನ್ನು ಅವನು ಒಳಗೊಳಗೇ ಅಳತೆ ಮಾಡಿ ನೋಡಿದ. ಹೆಂಗಸರ ಗುಂಪಿನಲ್ಲಿ ಯಾರೋ, “ಆತಗ ಲಗ್ನ ಆಗ್ಯಾದೇನ?” ಎಂದು ವಿಚಾರಿಸುತ್ತಿದ್ದರು.

ಅಷ್ಟರಲ್ಲಿ ಫೋಟೋದವನು ಮುಕ್ಕಾಲಿ ಊರಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಎಲ್ಲರನ್ನೂ ಸಾಲಾಗಿ ನಿಲ್ಲಿಸತೊಡಗಿದ. ಮರಾಠಿಯವನು, ಯಾರು ಏನೆಂದು ಅವನಿಗೆ ಗೊತ್ತಿಲ್ಲ, ಚಂದ ಕಾಣುವುದು ಮಾತ್ರ ಗೊತ್ತು. ಬಟ್ಟೆಯಿಂದ ತಲೆ ಹೊರಹಾಕಿ ಪೂವಪ್ಪನ ಕಡೆ ಬೆರಳು ಮಾಡಿ, ನಡುವೆ ನಿಂತರೆ ಫೋಟೋ ಚಂದ ಬರುತ್ತದೆಂದು ಕೂಗಿದ: “ಓ ರುಮಾಲ್‌ವಾಲೇ, ಮಧೇ ಯಾ, ಮಧೇ! ಫೋಟೋ ಛಾನ್ ಯೇಯೀಲ್!”

ಪೂವಪ್ಪ ನಾಚಿಕೊಂಡು, ನಗುತ್ತ, ನಡುವಿಗೆ ಬಂದು ಸಾಯಬಣ್ಣನ ಬೆನ್ನಹಿಂದೆ ನಿಂತ. ಅವನ ಜರಿಯ ತುದಿ ಮದುಮಗನ ಹೆಗಲ ಮೇಲೆ ಇಳಿಬಿದ್ದು ಮಿರಿಮಿರಿ ಮಿಂಚಿತು. ಸಾಯಬಣ್ಣ ಮುಂದೆ ನೋಡುತ್ತ ಹಲ್ಲು ಕಚ್ಚಿದ. ಪಕ್ಕದಲ್ಲಿ ಸುಂದ್ರವ್ವ ತುಟಿ ಅಲುಗಿಸದೆ ಅಂದಳು:

“ಮಾರಿ ಒಂಚೂರು ಸಡಿಲ ಬಿಡ್ರಿ. ಫೋಟೋದಾಗ ಎಲ್ಲಾ ಬರ್ತದ.”